ಟಬ್ಬಿಗೆ ಗೀಸರ್ ಪಾಯಿಂಟಿನಿಂದ ಕರೆಂಟ್ ಕೊಡಬಹುದಾ? (ಮನೆಯ ಆರ್‌ಸಿಸಿಬಿ ಬೈಪಾಸ್ ಆಗಿದೆ)

ಸರಸ್ವತಿಪುರಂ ಸೊಸೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು 1998ರಲ್ಲಿ ಕಟ್ಟಿದ ಮನೆ. ನಮ್ಮ ಅತ್ತೆಗೆ 72 ವರ್ಷ, ಎರಡೂ ಮಂಡಿ ಸವೆದಿವೆ. ಬಿಸಿನೀರಲ್ಲಿ ಕಾಲು ಇಳಿಬಿಟ್ಟು ಕೂತಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಗುತ್ತದೆ. ದಿನಾ ಸಂಜೆ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುವುದನ್ನು ನೋಡಲಾಗದೆ ನಮ್ಮ ಯಜಮಾನರು ನೀರು ಚಿಮ್ಮಿಸುವ ಟಬ್ಬು ತರಿಸಿದ್ದಾರೆ, ಎಲ್ಲರೂ ಜಕೂಝಿ ಅನ್ನುತ್ತಾರಲ್ಲ, ಅದು. ಐದೂವರೆ ಅಡಿ ಉದ್ದ, ಅಕ್ರಿಲಿಕ್. ಕೆಳಗಿನ ಬಾತ್‌ರೂಮಿನಲ್ಲಿ ಕೂರಿಸಬೇಕು.

ಟಬ್ಬಿನ ಪಕ್ಕದ ಚೀಟಿಯಲ್ಲಿ ಹೀಗಿದೆ: 230 ವೋಲ್ಟ್, 50 ಹರ್ಟ್ಸ್, ಪಂಪು 1 ಎಚ್‌ಪಿ, ಗಾಳಿ ಊದುವ ಬ್ಲೋವರ್ 400 ವಾಟ್, ಹೀಟರ್ 1.5 ಕಿಲೋವಾಟ್. ಜೊತೆಗೆ ಬಂದಿರುವ ವೈರಿನ ತುದಿಯಲ್ಲಿ ದಪ್ಪ ಎರಡು ದುಂಡು ಪಿನ್ನಿನ ಪ್ಲಗ್ಗಿದೆ, ಪ್ಲಗ್ಗಿನ ಅಂಚಿನಲ್ಲಿ ಎರಡು ಕಡೆ ತಗಡಿನ ಪಟ್ಟಿ.

ನಮಗೆ ಗೊತ್ತಿರುವ ಎಲೆಕ್ಟ್ರಿಷಿಯನ್ ಬಂದು ನೋಡಿದರು. ಗೀಸರಿಗೆ ಹೇಗೂ ಲೈನ್ ಇದೆ, ಅಲ್ಲಿಂದಲೇ ಎಳೆದು ಟಬ್ಬಿನ ಕೆಳಗೆ ಒಂದು ಸಾಕೆಟ್ ಕೂರಿಸಿಬಿಡೋಣ, ಈ ಪ್ಲಗ್ಗು ಸಣ್ಣ ಸಾಕೆಟ್ಟಿಗೂ ಗಟ್ಟಿಯಾಗಿ ಕೂರುತ್ತದೆ, ಅರ್ಧ ದಿನದ ಕೆಲಸ ಅಂದರು. ನನಗೇಕೋ ಮನಸ್ಸು ಒಪ್ಪಲಿಲ್ಲ. ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬಿದ್ದು ಲೈನ್ ಕತ್ತರಿಸುವ ಸ್ವಿಚ್, ಬೇಡವಾ ಅಂತ ಕೇಳಿದೆ. ನಿಮ್ಮ ಮನೆಯಲ್ಲಿ ಇದೆಯಲ್ಲ, ಆದರೆ ಮಳೆ ಬಂದಾಗಲೆಲ್ಲ ಬೀಳುತ್ತಿತ್ತು ಅಂತ ಮೂರು ವರ್ಷದ ಹಿಂದೆ ನಾನೇ ಬೈಪಾಸ್ ಮಾಡಿಕೊಟ್ಟಿದ್ದೆ ಅಂದರು. ಆ ವಿಷಯ ಅವತ್ತೇ ನನಗೆ ಗೊತ್ತಾಗಿದ್ದು.

ಗೀಸರ್ ಲೈನಿನಿಂದ ಕೊಡಬಹುದಾ? ಟಬ್ಬಿನ ಕೆಳಗೆ ಸಾಕೆಟ್ ಸರಿಯಾ? ಅರ್ಥಿಂಗ್ ಚೆನ್ನಾಗಿದೆಯಾ ಅಂತ ಮನೆಯವರೇ ತಿಳಿಯುವುದು ಹೇಗೆ? ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ: ಹೋದ ಮಳೆಗಾಲದಿಂದ ಬಿಸಿನೀರಿನ ನಲ್ಲಿ ಮುಟ್ಟಿದರೆ ಒಮ್ಮೊಮ್ಮೆ ಕೈ ಜುಮ್ ಅನ್ನುತ್ತದೆ. ತಾರಸಿಯ ಸೋಲಾರಿನಿಂದ ಬರುವ ನೀರು.

ನಂಜನಗೂಡು ವೈರಿಂಗ್

ಅಮ್ಮಾ, ಟಬ್ಬಿನ ಮಾತು ಆಮೇಲೆ. ನೀವು ಕೊನೆಯಲ್ಲಿ ಬರೆದಿರುವ ಸಾಲು ಎಲ್ಲಕ್ಕಿಂತ ಮೊದಲು. ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಅಂದರೆ ಪೈಪಿಗೆ ಕರೆಂಟು ಬಂದಿದೆ ಅಂತಲೇ ಅರ್ಥ. ಒಣ ಕಾಲಲ್ಲಿ, ಚಪ್ಪಲಿ ಹಾಕಿಕೊಂಡು ಮುಟ್ಟಿದವರಿಗೆ ಅದು ಜುಮ್. ಮೈಯೆಲ್ಲ ಒದ್ದೆಯಾಗಿ ನೀರಿನಲ್ಲಿ ಕೂತಿರುವ ಹಿರಿಯರಿಗೆ ಅದು ಜುಮ್ ಆಗಿ ಉಳಿಯುವುದಿಲ್ಲ.

ಇವತ್ತೇ ಸೋಲಾರ್ ಬ್ಯಾಕಪ್ ಕಾಯಿಲ್‌ನ (ಬಿಸಿಲಿಲ್ಲದಾಗ ಕರೆಂಟಿನಿಂದ ನೀರು ಕಾಯಿಸುವುದು) ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್, ಇಳಿಸಿ. ಅಷ್ಟು ಸಾಲದು. ಯಾಕೆಂದರೆ ಮಾಮೂಲಿ ಎಂಸಿಬಿ ಒಂದೇ ವೈರನ್ನು ಕತ್ತರಿಸುತ್ತದೆ, ಆ ವೈರು ಫೇಸೇ ಅಂತ ನಂಬಲು ನಿಮ್ಮ ಮನೆಯ ಸದ್ಯದ ಸ್ಥಿತಿಯಲ್ಲಿ ನನಗೆ ಧೈರ್ಯವಿಲ್ಲ. ಮೇನ್ ಆಫ್ ಮಾಡಿಸಿ, ತಾರಸಿಯಲ್ಲಿ ಕಾಯಿಲ್‌ನ ಎರಡೂ ವೈರು ಬಿಚ್ಚಿಸಿ, ತುದಿಗೆ ಕನೆಕ್ಟರ್ ಹಾಕಿಸಿ. ಅಲ್ಲಿಯವರೆಗೆ ಅತ್ತೆಯವರು ಆ ಬಾತ್‌ರೂಮಿನಲ್ಲಿ ಸ್ನಾನ ಮಾಡುವುದು ಬೇಡ. ಅಡುಗೆಮನೆಯಲ್ಲಿ ಗ್ಯಾಸ್ ಮೇಲೆ ನೀರು ಕಾಯಿಸಿಕೊಡಿ.

ನನ್ನದು ಲೈಸೆನ್ಸ್ ಇರುವ ವೈರಿಂಗ್ ಕೆಲಸ, 34 ವರ್ಷ ಆಯಿತು. ಈಗ ಮಗ ನೋಡಿಕೊಳ್ಳುತ್ತಾನೆ. ಬೈಪಾಸ್ ಅನ್ನುವ ಮಾತು ಕೇಳಿದರೆ ನನಗೆ ನಮ್ಮ ಅಕ್ಕನ ಮನೆ ನೆನಪಾಗುತ್ತದೆ. ಅಲ್ಲಿಯೂ ಆರ್‌ಸಿಸಿಬಿ ಬೀಳುತ್ತಿದೆ ಅಂತ ಯಾರೋ ಎರಡು ವೈರಿನ ತುಂಡು ಹಾಕಿ ಮೇಲಿನಿಂದ ಕೆಳಕ್ಕೆ ಜೋಡಿಸಿ ಹೋಗಿದ್ದರು. ಬರುವ ವಾರ ನೋಡುತ್ತೇನೆ ಅಂದಿದ್ದೆ ನಾನು. ಅಷ್ಟರಲ್ಲಿ ಗೀಸರಿನ ಕಾಯಿಲ್ ಒಡೆಯಿತು. ಅಕ್ಕ ನಲ್ಲಿ ಹಿಡಿದವರು ಬಿಡಲಾಗದೆ ನಿಂತಿದ್ದರು. ಭಾವ ಓಡಿ ಹೋಗಿ ಮೇನ್ ಇಳಿಸಿದ್ದಕ್ಕೆ ಉಳಿದರು. ಬಲಗೈ ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶ ಸರಿಯಾಗಿಲ್ಲ. ಆ ವೈರಿನ ತುಂಡು ನನ್ನ ಟೂಲ್ ಬಾಕ್ಸಿನಲ್ಲಿದೆ, ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನ ಅದನ್ನೇ ತೋರಿಸುತ್ತೇನೆ.

ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಅಂತ ತೂಗಿ ನೋಡುತ್ತಾ ಇರುತ್ತದೆ. 30 ಮಿಲಿ ಆಂಪಿಯರ್ ಕಡಿಮೆಯಾದರೆ ಅದು ಬೇರೆ ಎಲ್ಲೋ ಸೋರಿತು, ಗೋಡೆಗೋ ಪೈಪಿಗೋ ಯಾರದೋ ಮೈಗೋ. ತಕ್ಷಣ ಬೀಳುತ್ತದೆ. ಮಳೆ ಬಂದಾಗಲೆಲ್ಲ ಬೀಳುತ್ತಿತ್ತು ಅಂದರೆ ನಿಮ್ಮ ಮನೆಯಲ್ಲಿ ನೀರು ತಾಗುವ ಯಾವುದೋ ಒಂದು ಜಾಗದಲ್ಲಿ ಸೋರಿಕೆ ಇದೆ ಅಂತ ಅದು ಮೂರು ವರ್ಷದ ಹಿಂದೆಯೇ ಹೇಳಿತ್ತು. ಅದರ ಬಾಯಿ ಕಟ್ಟಿದ್ದಾರೆ.

ಸೋರಿಕೆ ಹುಡುಕಿ ಮುಗಿಸುವವರೆಗೆ ಟಬ್ಬನ್ನು ಡಬ್ಬದಿಂದ ತೆಗೆಯಬೇಡಿ. ಉಳಿದ ಪ್ರಶ್ನೆಗಳಿಗೆ ರಾತ್ರಿ ಕೂತು ಬರೆಯುತ್ತೇನೆ.

ಕೊಡಗಿನ ಕಾಫಿ

ಹಿರಿಯರು ಸ್ವಲ್ಪ ಜಾಸ್ತಿ ಹೆದರಿಸುತ್ತಿದ್ದಾರೆ ಅನ್ನಿಸುತ್ತದೆ. ನಮ್ಮ ಹೋಮ್‌ಸ್ಟೇಯಲ್ಲಿ ಇಂಥದ್ದೇ ಟಬ್ಬು 11 ವರ್ಷದಿಂದ ಇದೆ. ಗೀಸರ್ ಲೈನಿನಿಂದಲೇ ಕೊಟ್ಟಿದ್ದೇವೆ. ಎಂಸಿಬಿ ಇದೆ, ಅರ್ಥಿಂಗ್ ಇದೆ. ಒಂದು ದಿನವೂ ಶಾಕ್ ಹೊಡೆದಿಲ್ಲ. ಎಂಸಿಬಿ ಇದ್ದ ಮೇಲೆ ಶಾರ್ಟ್ ಆದರೆ ಅದೇ ಬೀಳುತ್ತದೆ. ಮನೆಯಲ್ಲಿ ಟಬ್ಬು ಇಡುವುದೇ ತಪ್ಪು ಅನ್ನುವ ಹಾಗೆ ಬರೆಯಬೇಡಿ.

ನಂಜನಗೂಡು ವೈರಿಂಗ್

ಕೊಡಗಿನವರೇ, ಟಬ್ಬು ಇಡುವುದು ತಪ್ಪು ಅಂತ ನಾನು ಎಲ್ಲೂ ಹೇಳಿಲ್ಲ. ಆ ಅಮ್ಮನವರ ಅತ್ತೆ ನೆಮ್ಮದಿಯಾಗಿ ಅದರಲ್ಲಿ ಕೂರಬೇಕು ಅಂತಲೇ ಇಷ್ಟು ಬರೆಯುತ್ತಿರುವುದು. ಆದರೆ ಎಂಸಿಬಿ ಕಾಪಾಡುತ್ತದೆ ಅನ್ನುವ ಮಾತು ಹಾಗೇ ಬಿಡುವಂಥದ್ದಲ್ಲ. ಲೆಕ್ಕ ಹಾಕೋಣ ಬನ್ನಿ.

ನಮ್ಮ ಕಡೆ ಬಹಳ ಮನೆಗಳಿಗೆ ಕಂಬದಿಂದ ಬರುವುದು ಫೇಸ್, ನ್ಯೂಟ್ರಲ್ ಎರಡೇ. ಅರ್ಥ್ ನಮ್ಮ ಅಂಗಳದ ಗುಂಡಿಯದು. ಆ ಗುಂಡಿಯ ರೆಸಿಸ್ಟೆನ್ಸ್ 12 ಓಮ್ ಅಂತ ಇಟ್ಟುಕೊಳ್ಳಿ, ಹಳೇ ಗುಂಡಿಗೆ ಅದೇನೂ ಹೆಚ್ಚಲ್ಲ. ಪಂಪಿನ ಒಳಗೆ ಫೇಸ್ ವೈರು ಮೋಟರಿನ ಮೈಗೆ ತಾಗಿತು. ಎಷ್ಟು ಕರೆಂಟು ಹರಿಯುತ್ತದೆ? 230ನ್ನು 12ರಿಂದ ಭಾಗಿಸಿ, 19 ಆಂಪಿಯರ್. ನಿಮ್ಮ ಎಂಸಿಬಿ 16ರದ್ದು. ಅದು ತಟಕ್ಕನೆ ಬೀಳಬೇಕಾದರೆ, ಸಿ ಟೈಪ್ ಆದರೆ, 80ರಿಂದ 160 ಆಂಪಿಯರ್ ಬೇಕು. 19 ಆಂಪಿಯರಿಗೆ ಅದು ಒಂದು ಗಂಟೆಯಾದರೂ ಸುಮ್ಮನಿರಬಹುದು, ಹಾಗಿರುವುದು ಅದರ ದೋಷವೂ ಅಲ್ಲ, ಅದನ್ನು ಮಾಡಿರುವುದೇ ವೈರು ಬಿಸಿಯಾಗದಂತೆ ನೋಡಿಕೊಳ್ಳಲು. ಆ ಒಂದು ಗಂಟೆ ಮೋಟರಿನ ಮೈ, ಅರ್ಥ್ ವೈರು, ಅರ್ಥ್ ವೈರಿಗೆ ಸೇರಿದ ಎಲ್ಲ ಲೋಹದ ಮೇಲೂ 200 ವೋಲ್ಟಿಗೆ ಕಡಿಮೆಯಿಲ್ಲದ ಕರೆಂಟು ನಿಂತಿರುತ್ತದೆ.

ಒದ್ದೆ ಮೈಯ ರೆಸಿಸ್ಟೆನ್ಸ್ 1,000 ಓಮ್ ಅಂದುಕೊಂಡರೂ ಮೈಯೊಳಗೆ 200 ಮಿಲಿ ಆಂಪಿಯರ್ ದಾಟುತ್ತದೆ. ಕೈ ಬಿಡಲಾಗದೆ ಹಿಡಿದುಕೊಳ್ಳಲು 10 ಮಿಲಿ ಆಂಪಿಯರ್ ಸಾಕು. ಇದೇ ಜಾಗದಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ, ಅಷ್ಟು ದೊಡ್ಡ ಸೋರಿಕೆಗೆ 40 ಮಿಲಿ ಸೆಕೆಂಡಿನೊಳಗೆ ಕತ್ತರಿಸಿಬಿಡುತ್ತದೆ. ಗುಂಡಿ 12 ಓಮ್ ಇದ್ದರೂ, 50 ಓಮ್ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ನಿಮ್ಮಲ್ಲಿ ಹೊರಗಿನ ಜನ ಬಂದು ಉಳಿಯುತ್ತಾರೆ. ದಯವಿಟ್ಟು ಈ ವಾರವೇ ಒಂದು ಹಾಕಿಸಿ.

ಕೊಡಗಿನ ಕಾಫಿ

19 ಆಂಪಿಯರಿಗೆ 16ರ ಎಂಸಿಬಿ ಬೀಳುವುದಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಟಬ್ಬಿರುವ ಆ ರೂಮನ್ನು ಈಗ ಯಾರಿಗೂ ಕೊಡುತ್ತಿಲ್ಲ. ಮಡಿಕೇರಿಯಿಂದ ಎಲೆಕ್ಟ್ರಿಷಿಯನ್ ಶನಿವಾರ ಬರುತ್ತಾರೆ.

ನಂಜನಗೂಡು ವೈರಿಂಗ್

ಒಳ್ಳೆಯದಾಯಿತು. ಈಗ ಸರಸ್ವತಿಪುರಂ ಅಮ್ಮನವರ ಪ್ರಶ್ನೆಗಳಿಗೆ.

ಗೀಸರ್ ಲೈನಿನಿಂದ ಬೇಡ. 1 ಎಚ್‌ಪಿ ಪಂಪು ಲೈನಿನಿಂದ ಎಳೆಯುವುದು ಸುಮಾರು 1 ಕಿಲೋವಾಟ್, 5ರಿಂದ 6 ಆಂಪಿಯರ್. ಬ್ಲೋವರ್ 2, ಹೀಟರ್ ಆರೂವರೆ. ಎಲ್ಲ ಸೇರಿ 14 ಆಂಪಿಯರ್ ಹತ್ತಿರ. 2 ಕಿಲೋವಾಟಿನ ಗೀಸರೂ ಅದೇ ಸಮಯಕ್ಕೆ ಆನ್ ಆದರೆ ಇನ್ನೊಂದು 9. ಒಟ್ಟು 23. ಆಗ 16ರ ಎಂಸಿಬಿ ಸ್ವಲ್ಪ ಹೊತ್ತಿಗೆ ಬೀಳುತ್ತದೆ. ಎರಡು ಸಲ ಬಿದ್ದ ಮೇಲೆ ಯಾರಾದರೂ ಬಂದು ಅಲ್ಲಿ 32ರದ್ದು ಹಾಕಿ ಹೋಗುತ್ತಾರೆ, ಗೋಡೆಯೊಳಗಿನ 25 ವರ್ಷದ ಹಳೇ ವೈರು ಮಾತ್ರ ಅದೇ 2.5 ಚದರ ಮಿಲಿಮೀಟರಿನದ್ದು. ಅದು ಒಳಗೊಳಗೇ ಸುಡುತ್ತದೆ.

ಡಿಬಿಯಿಂದ, ಅಂದರೆ ಎಂಸಿಬಿಗಳೆಲ್ಲ ಇರುವ ಬೋರ್ಡಿನಿಂದ, ಟಬ್ಬಿಗೇ ಅಂತ ಹೊಸ ಲೈನು ಎಳೆಸಿ. 4 ಚದರ ಮಿಲಿಮೀಟರಿನ ತಾಮ್ರದ ವೈರು ಮೂರು: ಫೇಸ್, ನ್ಯೂಟ್ರಲ್, ಹಸಿರು ಅರ್ಥ್. ನಡುವೆ ಎಲ್ಲೂ ಜಾಯಿಂಟ್ ಇರಬಾರದು. ಡಿಬಿಯಲ್ಲಿ 20 ಆಂಪಿಯರ್ ಸಿ ಟೈಪ್, 30 ಮಿಲಿ ಆಂಪಿಯರ್‌ನ ಆರ್‌ಸಿಬಿಒ, ಅಂದರೆ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಒಂದೇ ಡಬ್ಬಿಯಲ್ಲಿರುವುದು. ಅಂಗಡಿಯಲ್ಲಿ ಎ ಟೈಪ್ ಅಂತ ಕೇಳಿ ತನ್ನಿ. ಟಬ್ಬಿನ ಕಂಟ್ರೋಲಿನಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇದ್ದರೆ ಹಳೇ ಎಸಿ ಟೈಪಿಗೆ ಕೆಲವು ಸೋರಿಕೆ ಕಾಣಿಸುವುದಿಲ್ಲ. ಇದರಿಂದ ಹೊರಬರುವ ನ್ಯೂಟ್ರಲ್ ಟಬ್ಬಿಗೆ ಮಾತ್ರ ಹೋಗಬೇಕು. ಅದನ್ನು ಡಿಬಿಯ ಮಾಮೂಲಿ ನ್ಯೂಟ್ರಲ್ ಪಟ್ಟಿಗೆ ಸೇರಿಸಿದರೆ ಸ್ವಿಚ್ ಹಾಕಿದ ಕೂಡಲೇ ಬೀಳುತ್ತದೆ. ಆಗ ಹುಡುಗರು ಪೀಸೇ ಸರಿಯಿಲ್ಲ ಸಾರ್ ಅನ್ನುತ್ತಾರೆ. ಪೀಸು ಸರಿಯಾಗೇ ಇರುತ್ತದೆ.

ಟಬ್ಬಿನ ಕೆಳಗೆ ಸಾಕೆಟ್ ಖಂಡಿತ ಬೇಡ. ನೀವು ಹೇಳಿದ ಪ್ಲಗ್ಗು ಯುರೋಪಿನದು. ಅದರ ಅರ್ಥ್ ಇರುವುದು ಅಂಚಿನ ಆ ಎರಡು ತಗಡಿನ ಪಟ್ಟಿಯಲ್ಲಿ. ನಮ್ಮ ಸಣ್ಣ ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಪಿನ್ನು ಗಟ್ಟಿಯಾಗಿ ಕೂರುತ್ತದೆ ನಿಜ, ಆದರೆ ನಮ್ಮ ಸಾಕೆಟ್ಟಿನ ಅರ್ಥ್ ಇರುವುದು ಮೇಲಿನ ದೊಡ್ಡ ತೂತಿನಲ್ಲಿ. ಅಲ್ಲಿಗೆ ಏನೂ ಹೋಗುವುದಿಲ್ಲ. ಪಂಪು ಓಡುತ್ತದೆ, ನೀರು ಚಿಮ್ಮುತ್ತದೆ, ಎಲ್ಲರಿಗೂ ಖುಷಿ, ಮೋಟರಿನ ಮೈಗೆ ಅರ್ಥ್ ಮಾತ್ರ ಇಲ್ಲ. ಅದೂ ಅಲ್ಲದೆ 6 ಆಂಪಿಯರ್ ಸಾಕೆಟ್ಟಿನಲ್ಲಿ 14 ಆಂಪಿಯರ್! ಆ ಪ್ಲಗ್ಗನ್ನು ಕತ್ತರಿಸಿ ತೆಗೆಸಿ. ಬಾತ್‌ರೂಮಿನ ಹೊರಗೋಡೆಯಲ್ಲಿ ಎರಡೂ ವೈರು ಕತ್ತರಿಸುವ 20 ಆಂಪಿಯರಿನ ಡಿಪಿ ಸ್ವಿಚ್ ಹಾಕಿಸಿ. ಅಲ್ಲಿಂದ ಬಂದ ಲೈನು ಪಂಪಿನ ವೈರನ್ನು ಸೇರುವ ಜಾಗಕ್ಕೆ ರಬ್ಬರ್ ಪಟ್ಟಿ, ಗ್ಲ್ಯಾಂಡ್ ಇರುವ, ನೀರು ಒಳಗೆ ಹೋಗದ ಐಪಿ 65 ಡಬ್ಬಿ, ನೆಲದಿಂದ ಮೇಲೆ, ನೀರು ನಿಲ್ಲದ ಕಡೆ. ವೈರು ಹೆಣೆದು ಕಪ್ಪು ಟೇಪು ಸುತ್ತುವ ಕೆಲಸ ಅಲ್ಲಿ ನಡೆಯಕೂಡದು.

ಟಬ್ಬಿನ ಅಂಚಿನಲ್ಲಿ ಒತ್ತುವ ಬಟನ್ ಇರುತ್ತದಲ್ಲ, ಬಹಳ ಟಬ್ಬುಗಳಲ್ಲಿ ಅದಕ್ಕೆ ಕರೆಂಟೇ ಇರುವುದಿಲ್ಲ. ಒತ್ತಿದರೆ ತೆಳು ಪ್ಲಾಸ್ಟಿಕ್ ಕೊಳವೆಯಲ್ಲಿ ಗಾಳಿ ಹೋಗಿ ಕೆಳಗೆ ಪಂಪಿನ ಹತ್ತಿರದ ಸ್ವಿಚ್ಚನ್ನು ಒತ್ತುತ್ತದೆ. ಒದ್ದೆ ಕೈಗೆ ಅದೇ ಸರಿ. ನಿಮ್ಮದರಲ್ಲಿ ಹಾಗಿದೆಯಾ ನೋಡಿ. ಇದ್ದರೆ, ಸುಲಭವಾಗಲಿ ಅಂತ ಯಾರಾದರೂ ಗೋಡೆಯ ಮೇಲೆ ಮಾಮೂಲಿ ಸ್ವಿಚ್ ಹಾಕಲು ಬಂದರೆ ಬಿಡಬೇಡಿ.

ಅರ್ಥಿಂಗ್ ನೋಡುವ ಬಗ್ಗೆ. ನಮ್ಮವರು ಫೇಸಿಗೂ ಅರ್ಥಿಗೂ ನಡುವೆ ಬಲ್ಬ್ ಹಚ್ಚಿ, ನೋಡಿ ಎಷ್ಟು ಚೆನ್ನಾಗಿ ಉರಿಯುತ್ತೆ ಅಂತ ತೋರಿಸುತ್ತಾರೆ. ಮಾಡಿಸಬೇಡಿ. 60 ವಾಟ್ ಬಲ್ಬಿಗೆ ಬೇಕಾಗಿರುವುದು ಕಾಲು ಆಂಪಿಯರ್, ಅಷ್ಟನ್ನು ಕೆಟ್ಟ ಅರ್ಥೂ ಕೊಡುತ್ತದೆ. ಇನ್ನು ಗುಂಡಿಯ ಹತ್ತಿರ ವೈರು ತುಂಡಾಗಿದ್ದರೆ ಆ ಬಲ್ಬಿನ ಮೂಲಕ ಮನೆಯ ಎಲ್ಲ ಅರ್ಥ್ ವೈರಿಗೂ ಫೇಸ್ ಹತ್ತುತ್ತದೆ. ಫ್ರಿಜ್ ಬಾಗಿಲು ಹಿಡಿದವರಿಗೆ ಹೊಡೆಯುತ್ತದೆ. ಅರ್ಥ್ ಟೆಸ್ಟರ್ ಇರುವವರನ್ನು ಕರೆಸಿ ಅಳೆಸಿ. ಗುಂಡಿ ಎಲ್ಲಿದೆ ಅಂತ ಮೊದಲು ಹುಡುಕಿ, ಪೋರ್ಟಿಕೋ ಟೈಲ್ಸ್ ಕೆಳಗೆ ಹೋಗಿರಬಹುದು.

ಹುಬ್ಬಳ್ಳಿ ನಳದಾವ

ಅಕ್ಕಾರ, ಕರೆಂಟಿನ ಮಾತು ಹಿರಿಯರು ಹೇಳ್ಯಾರ. ನಾ ಪ್ಲಂಬಿಂಗ್ ಮಾಡಾಂವ, ನೀರಿನ ಕಡಿಂದ ಎರಡು ಮಾತು ಹೇಳ್ತೀನಿ. ಟಬ್ಬಿನ ಸುತ್ತ ಇಟ್ಟಂಗಿ ಕಟ್ಟಿ ಟೈಲ್ಸ್ ಹಚ್ಚಿ ಮುಚ್ಚಿಬಿಡ್ತಾರ್ರಿ, ನೋಡಾಕ ಚಂದ ಕಾಣ್ತದ. ಆಮ್ಯಾಲ ಪಂಪಿನ ಸೀಲ್ ಸವದು ಹನಿ ಹನಿ ನೀರು ಮೋಟರಿನ ಮ್ಯಾಲೇ ಬೀಳಾಕತ್ತಿದ್ರೂ ಯಾರಿಗೂ ಕಾಣೂದಿಲ್ಲ. ಪಂಪ್ ಇರೋ ಬಾಜೂಕ ಎರಡು ಫೂಟಿನ ಬಾಗಲಾ ಬಿಡಸ್ರಿ, ಸ್ಕ್ರೂ ಬಿಚ್ಚಿ ತಗಿಯೂ ಹಂಗ. ಪಂಪ್ ನೆಲದ ಮ್ಯಾಲೆ ಇಡಬ್ಯಾಡ್ರಿ, ನಾಕು ಇಂಚಿನ ಕಟ್ಟಿ ಮ್ಯಾಲೆ ಕುಂದರಸ್ರಿ. ಟಬ್ಬಿನ ಕೆಳಗ ಬಿದ್ದ ನೀರು ಹರದು ಹೋಗಾಕ ಒಂದು ಟ್ರ್ಯಾಪ್ ಬೇಕು.

ನಿಮ್ಮ ಸೋಲಾರ್ ಪೈಪ್ ಜಿಐ (ಕಬ್ಬಿಣದ್ದು) ಏನು, ಸಿಪಿವಿಸಿ (ಪ್ಲಾಸ್ಟಿಕ್) ಏನು? ನಲ್ಲಿ ಜುಮ್ ಅಂತದ ಅಂದ್ರ ಜಿಐ ಇರಬೇಕು.

ಲೀಡ್ಸ್ ಕನ್ನಡಿಗ

ನಾನಿರುವುದು ಇಂಗ್ಲೆಂಡಿನಲ್ಲಿ, ಕೆಲಸ ಕಟ್ಟಡಗಳ ಎಲೆಕ್ಟ್ರಿಕಲ್ ತಪಾಸಣೆ. ನಂಜನಗೂಡಿನವರು ಹೇಳಿದ್ದಕ್ಕೆ ಇಲ್ಲಿನ ಅಳತೆಗಳನ್ನು ಸೇರಿಸುತ್ತೇನೆ. ಟಬ್ಬಿನ ಒಳಭಾಗವನ್ನು ಇಲ್ಲಿ ವಲಯ 0 ಅನ್ನುತ್ತೇವೆ, ಅದರೊಳಗೆ 12 ವೋಲ್ಟಿಗಿಂತ ಹೆಚ್ಚಿನ ಎಸಿ ಬರುವಂತಿಲ್ಲ. ಟಬ್ಬಿನ ನೇರ ಮೇಲೆ, ನೆಲದಿಂದ 2.25 ಮೀಟರ್ ಎತ್ತರದವರೆಗೆ ವಲಯ 1. ಟಬ್ಬಿನ ಅಂಚಿನಿಂದ ಆಚೆಗೆ 60 ಸೆಂಟಿಮೀಟರ್ ವಲಯ 2. ಪಂಪನ್ನು ವಲಯ 1ರಲ್ಲಿ ಶಾಶ್ವತವಾಗಿ ಕೂರಿಸಬಹುದು, ಆದರೆ ಅದರ ಡಿಪಿ ಸ್ವಿಚ್ ಈ ಎಲ್ಲ ವಲಯಗಳ ಹೊರಗಿರಬೇಕು.

ಇಲ್ಲಿ ಮನೆಗಳ ಬಾತ್‌ರೂಮಿನಲ್ಲಿ ಮಾಮೂಲಿ ಸಾಕೆಟ್ ಕಾಣುವುದೇ ಅಪರೂಪ. ದೀಪಕ್ಕೂ ಹಗ್ಗ ಎಳೆಯುವ ಸ್ವಿಚ್. ಬಂದ ಹೊಸದರಲ್ಲಿ ನನಗೆ ಇದು ಅತಿಯಾಯಿತು ಅನ್ನಿಸಿತ್ತು. ಊರಿನಲ್ಲಿ ನಮ್ಮಪ್ಪ ಬಚ್ಚಲುಮನೆಯ ಹೊರಗೆ ಸ್ವಿಚ್ ಹಾಕಿಸಿದ್ದು ನೆನಪಾದ ಮೇಲೆ ಹಾಗನ್ನಿಸಲಿಲ್ಲ.

ಇನ್ನೊಂದು: ಜಿಐ ಪೈಪು, ಪಂಪಿನ ಮೈ, ಟಬ್ಬಿನ ಕೆಳಗೆ ಕಬ್ಬಿಣದ ಚೌಕಟ್ಟಿದ್ದರೆ ಅದು, ಇವೆಲ್ಲವನ್ನೂ 4 ಚದರ ಮಿಲಿಮೀಟರಿನ ಹಸಿರು ಹಳದಿ ವೈರಿನಿಂದ ಒಂದಕ್ಕೊಂದು ಸೇರಿಸಿ ಅರ್ಥಿಗೆ ಜೋಡಿಸಬೇಕು. ಆಗ ಏನೇ ಸೋರಿದರೂ ಕೈಗೆ ಸಿಗುವ ಎರಡು ಲೋಹಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಹುಟ್ಟುವುದಿಲ್ಲ. ಪ್ಲಾಸ್ಟಿಕ್ ಪೈಪಿಗೆ ಇದು ಬೇಕಿಲ್ಲ.

ಸರಸ್ವತಿಪುರಂ ಸೊಸೆ

ಮೂರು ವಾರ ಆಯಿತು, ಬರೆಯಲು ತಡವಾಯಿತು. ನಂಜನಗೂಡಿನವರು ಹೇಳಿದ ದಿನವೇ ಕಾಯಿಲ್‌ನ ವೈರು ಬಿಚ್ಚಿಸಿದೆವು. ಆಮೇಲೆ ಅರ್ಥ್ ಟೆಸ್ಟರ್, ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಎರಡೂ ಇರುವ ಲೈಸೆನ್ಸ್ಡ್ ಕಾಂಟ್ರಾಕ್ಟರೊಬ್ಬರನ್ನು ಹುಡುಕಿ ಕರೆಸಿದೆವು. ಅವರು ಎರಡು ದಿನ ಕೂತು ಹುಡುಕಿದ್ದನ್ನು ಬರೆಯುತ್ತೇನೆ, ಇಂಥದ್ದೇ ಹಳೇ ಮನೆ ಇರುವವರಿಗೆ ಬೇಕಾಗಬಹುದು.

ತಾರಸಿಯ ಸೋಲಾರ್ ಟ್ಯಾಂಕಿನ ಪಕ್ಕದಲ್ಲಿ ಕಾಯಿಲ್‌ಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದು ಬಿಸಿಲಿಗೆ ಸೀಳಿತ್ತು. ಮಳೆ ಬಂದಾಗ ನೀರು ಒಳಗೆ ಇಳಿದು ಕಾಯಿಲ್‌ನ ತುದಿಯಿಂದ ಟ್ಯಾಂಕಿನ ಮೈಗೆ ಕರೆಂಟು ಸೋರುತ್ತಿತ್ತು. ಟ್ಯಾಂಕಿನಿಂದ ಜಿಐ ಪೈಪು (ಹುಬ್ಬಳ್ಳಿಯವರು ಹೇಳಿದ್ದು ನಿಜ), ಪೈಪಿನಿಂದ ನಲ್ಲಿ. ಬ್ಯಾಕಪ್ ಸ್ವಿಚ್ ಆಫ್ ಇದ್ದಾಗಲೂ ಯಾಕೆ ಹೀಗಾಗುತ್ತಿತ್ತು ಅಂದರೆ, ಸ್ವಿಚ್ಚನ್ನು ನ್ಯೂಟ್ರಲ್ ವೈರಿಗೆ ಹಾಕಿದ್ದರು. ನಾವು ಆಫ್ ಮಾಡಿದಾಗಲೂ ಫೇಸು ಕಾಯಿಲ್‌ನಲ್ಲಿ ಕೂತೇ ಇರುತ್ತಿತ್ತು. ನಂಜನಗೂಡಿನವರು ಎರಡೂ ವೈರು ಬಿಚ್ಚಿಸಿ ಅಂತ ಯಾಕೆ ಒತ್ತಿ ಹೇಳಿದರು ಅನ್ನುವುದು ಅಲ್ಲಿ ನಿಂತು ನೋಡಿದಾಗ ಅರ್ಥವಾಯಿತು.

ಮೂರು ವರ್ಷದ ಹಿಂದೆ ಆರ್‌ಸಿಸಿಬಿ ಬೀಳುತ್ತಿದ್ದದ್ದೂ ಇದಕ್ಕೇ. ಬೈಪಾಸ್ ಆದ ಮೇಲೆ ಎರಡು ವರ್ಷ ನಲ್ಲಿಯಲ್ಲಿ ಏನೂ ಗೊತ್ತಾಗಲಿಲ್ಲ, ಸೋರಿದ್ದೆಲ್ಲ ಅರ್ಥಿನಲ್ಲಿ ಇಳಿದು ಹೋಗುತ್ತಿತ್ತು. ಹೋದ ವರ್ಷ ಪೋರ್ಟಿಕೋಗೆ ಟೈಲ್ಸ್ ಹಾಕಿಸಿದೆವು. ಆಗ ಗಾರೆಯವರು ಗುಂಡಿಯ ಪೈಪಿನಿಂದ ಬರುವ ತಂತಿಯನ್ನು ಕತ್ತರಿಸಿ ಮೇಲೆ ಕಾಂಕ್ರೀಟ್ ಹಾಕಿದ್ದಾರೆ. ಟೈಲ್ಸ್ ಎರಡು ಒಡೆದಾಗ ತಂತಿಯ ತುದಿ ಮಣ್ಣಿನಲ್ಲಿ ಸಿಕ್ಕಿತು. ಅಂದರೆ ಒಂದು ವರ್ಷದಿಂದ ನಮ್ಮ ಮನೆಯ ಒಂದು ಸಾಕೆಟ್ಟಿಗೂ ಅರ್ಥ್ ಇರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ನನಗೆ ನಿಲ್ಲಲಾಗಲಿಲ್ಲ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅದೇ ನಲ್ಲಿಯಲ್ಲಿ ಅತ್ತೆ, ಮಕ್ಕಳು ದಿನಾ ಸ್ನಾನ ಮಾಡಿದ್ದಾರೆ.

ಈಗ ಕಾಂಪೌಂಡ್ ಪಕ್ಕ ಹೊಸ ಗುಂಡಿ ತೆಗೆಸಿ ಜಿಐ ಪೈಪು ಇಳಿಸಿದ್ದೇವೆ, ಮೇಲೆ ಮುಚ್ಚಳ, ನೀರು ಹಾಕಲು ಬಾಯಿ. ಅಳೆದಾಗ 3.8 ಓಮ್ ಬಂತು. ಕಾಯಿಲ್ ಬದಲಾಯಿಸಿ ಡಿಪಿ ಸ್ವಿಚ್ ಹಾಕಿದ್ದಾರೆ. ಹಳೇ ಆರ್‌ಸಿಸಿಬಿ ಟೆಸ್ಟ್ ಬಟನ್ನಿಗೆ ಬೀಳಲಿಲ್ಲ, ಹೊಸದು ಬಂತು. ಬೈಪಾಸ್ ತೆಗೆದು ಆನ್ ಮಾಡಿ ಮಳೆಗಾಗಿ ಕಾದೆವು. ಹೋದ ಗುರುವಾರ ರಾತ್ರಿ ಚೆನ್ನಾಗಿ ಸುರಿಯಿತು. ಬೀಳಲಿಲ್ಲ.

ಟಬ್ಬಿನ ಲೈನು ನೀವು ಬರೆದ ಹಾಗೆಯೇ ಎಳೆಸಿದ್ದೇವೆ, ಹುಬ್ಬಳ್ಳಿಯವರ ಬಾಗಿಲು ಸೇರಿಸಿ. ಹಳೇ ಎಲೆಕ್ಟ್ರಿಷಿಯನ್ನರನ್ನೂ ಕರೆದು ತಂತಿಯ ತುದಿ, ಸೀಳಿದ ಮುಚ್ಚಳ ತೋರಿಸಿದೆ. ಬೈಯಲು ಅಲ್ಲ. ಅವರು ಇನ್ನೂ ಎಷ್ಟೋ ಮನೆಗಳಿಗೆ ಹೋಗುವವರು. ಬಹಳ ಹೊತ್ತು ಸುಮ್ಮನೆ ನೋಡಿದರು. ಬೈಪಾಸ್ ಮಾಡಿರುವ ಇನ್ನೆರಡು ಮನೆ ಇದೆ ಅಮ್ಮಾ, ನಾಳೆ ಹೋಗಿ ತೆಗೆಯುತ್ತೇನೆ ಅಂದರು.

ಎರಡು ಪ್ರಶ್ನೆ ಉಳಿದಿವೆ. ಟಬ್ಬಿನ ಹೀಟರ್ ನಿಜವಾಗಿ ಬೇಕಾ? ಪವರ್ ಹೋದಾಗ ಇರಲಿ ಅಂತ ನಮ್ಮ ಯಜಮಾನರು ಟಬ್ಬನ್ನು ಯುಪಿಎಸ್‌ಗೂ ಸೇರಿಸೋಣ ಅನ್ನುತ್ತಿದ್ದಾರೆ, ಅದು?

ನಂಜನಗೂಡು ವೈರಿಂಗ್

ಅಮ್ಮಾ, ಮಳೆ ಬಂದರೂ ಬೀಳಲಿಲ್ಲ ಅಂತ ಓದಿ ನೆಮ್ಮದಿಯಾಯಿತು. ಆ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದು ತೋರಿಸಿದ್ದು ಬಹಳ ದೊಡ್ಡ ಕೆಲಸ.

ಹೀಟರ್ ಬೇಡ ಅನ್ನುತ್ತೇನೆ. ಟಬ್ಬಿನಲ್ಲಿ 200 ಲೀಟರ್ ನೀರು ಅಂದುಕೊಳ್ಳಿ. 1.5 ಕಿಲೋವಾಟ್ ಹೀಟರ್ ಅದನ್ನು 10 ಡಿಗ್ರಿ ಏರಿಸಲು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. ಅದನ್ನು ಇಟ್ಟಿರುವುದು ತುಂಬಿದ ಬಿಸಿನೀರು ಆರದಂತೆ ಹಿಡಿದಿಡಲು ಮಾತ್ರ. ಅತ್ತೆಯವರು ಕೂರುವುದು ಇಪ್ಪತ್ತು ನಿಮಿಷ. ಸೋಲಾರಿನಿಂದ 38 ಡಿಗ್ರಿಯ ನೀರು ತುಂಬಿಸಿಕೊಂಡರೆ ಅಷ್ಟು ಹೊತ್ತು ಸಾಕು. ಇಂಥ ಟಬ್ಬಿನಲ್ಲಿ ಮೊದಲು ಸೋರಲು ಶುರುವಾಗುವುದು ನಾನು ಕಂಡ ಹಾಗೆ ಹೀಟರಿನ ಕಾಯಿಲ್ಲೇ. ಅದರ ವೈರನ್ನು ಬಿಚ್ಚಿಸಿ ಇಡಿ, ಲೋಡೂ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಇಟ್ಟುಕೊಳ್ಳಲೇಬೇಕು ಅಂದರೆ ನಿಮ್ಮ ಬಿಲ್ಲಿನ ಮೇಲೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತ ಅಚ್ಚಾಗಿರುತ್ತದೆ, ಅದನ್ನು ನೋಡಿ ಹೆಚ್ಚಿಸಿಕೊಳ್ಳಿ.

ಯುಪಿಎಸ್ ಬೇಡವೇ ಬೇಡ. ಯುಪಿಎಸ್‌ನಿಂದ ಹೊರಬರುವ ಲೈನಿನ ಸೋರಿಕೆಯನ್ನು, ಪವರ್ ಇಲ್ಲದಾಗ, ಮೇನಿನ ಆರ್‌ಸಿಸಿಬಿ ನೋಡಲಾರದು. ನ್ಯೂಟ್ರಲ್‌ಗಳು ಒಂದಕ್ಕೊಂದು ಸೇರಿಕೊಂಡು ಸುಮ್ಮಸುಮ್ಮನೆ ಬೀಳುವುದೂ ಅಲ್ಲಿಂದಲೇ ಶುರುವಾಗುತ್ತದೆ, ಮತ್ತೆ ಯಾರೋ ಬೈಪಾಸ್ ಮಾಡುತ್ತಾರೆ. ಪವರ್ ಹೋದರೆ ಪಂಪು ನಿಲ್ಲುತ್ತದೆ, ಬಿಸಿನೀರು ಅಲ್ಲೇ ಇರುತ್ತದೆ. ಆ ಬಾತ್‌ರೂಮಿನ ದೀಪವನ್ನು ಮಾತ್ರ ಯುಪಿಎಸ್‌ಗೆ ಕೊಡಿ, ಕತ್ತಲಲ್ಲಿ ಟಬ್ಬಿನಿಂದ ಏಳುವುದು ಆ ಮಂಡಿಗೆ ಕಷ್ಟ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಬಿದ್ದರೆ ಒಳಗಿನ ಯಂತ್ರ ಸರಿ ಇದೆ ಅಂತ, ಅಷ್ಟೇ. ಅರ್ಥ್ ತುಂಡಾಗಿದ್ದರೂ ಆ ಬಟನ್ನಿಗೆ ಅದು ಬೀಳುತ್ತದೆ, ಹಾಗಾಗಿ ಅದನ್ನು ನೋಡಿ ಅರ್ಥ್ ಸರಿಯಿದೆ ಅಂದುಕೊಳ್ಳಬೇಡಿ. ಗುಂಡಿಯನ್ನು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಅಳೆಸಿ. ಈಗಿನ 3.8 ಮಳೆ ಬಿದ್ದ ಮಣ್ಣಿನದು, ನೆಲ ಒಣಗಿದಾಗ ಏರುತ್ತದೆ. ಪಂಪಿನ ಬಾಗಿಲನ್ನು ಆಗಲೇ ಬಿಚ್ಚಿ ಮೋಟರಿಗೆ ಮೆಗ್ಗರ್ ಹಾಕಿಸಿ, 1 ಮೆಗಾ ಓಮ್‌ಗಿಂತ ಕೆಳಗಿದ್ದರೆ ಟಬ್ಬು ಬಳಸುವುದನ್ನು ನಿಲ್ಲಿಸಿ.

ಸರಸ್ವತಿಪುರಂ ಸೊಸೆ

ಹೀಟರಿನ ವೈರು ಬಿಚ್ಚಿಸಿದೆವು. ಇವತ್ತು ಸಂಜೆ ಅತ್ತೆ ಮೊದಲ ಸಲ ಕೂತರು. ನೀರು ಬಿಡುವ ಮುಂಚೆ ನಾನು ಟೆಸ್ಟ್ ಬಟನ್ ಒತ್ತಿದೆ, ತಟ್ ಅಂತ ಬಿತ್ತು, ಮತ್ತೆ ಎತ್ತಿದೆ. ಅತ್ತೆ ಇಪ್ಪತ್ತು ನಿಮಿಷ ಅಂದವರು ಮುಕ್ಕಾಲು ಗಂಟೆ ಏಳಲಿಲ್ಲ, ನೀರು ಆರಿತು ಅಂತ ಇನ್ನೊಂದು ಬಕೆಟ್ ಬಿಸಿನೀರು ಹೊಯ್ಯಿಸಿಕೊಂಡರು. ನಿಮ್ಮೆಲ್ಲರ ಮಾತನ್ನು ಅವರಿಗೆ ಓದಿ ಹೇಳಿದ್ದೆ. ನಂಜನಗೂಡಿನವರ ಅಕ್ಕನ ಬೆರಳು ಈಗ ಹೇಗಿದೆ ಅಂತ ಕೇಳು ಅಂದಿದ್ದಾರೆ.

ನಂಜನಗೂಡು ವೈರಿಂಗ್

ಹಾಗೇ ಇದೆ ಅಂತ ಹೇಳಿ ಅಮ್ಮಾ. ಹೂ ಕಟ್ಟುವುದು ಮಾತ್ರ ಎಡಗೈಗೆ ರೂಢಿ ಮಾಡಿಕೊಂಡಿದ್ದಾರೆ.